ಸಕ್ರವ್ವನ ರೊಟ್ಟಿ ಸಪ್ಪಳ

ಬಾದಾಮಿ ಕಡೆ ಗುಡ್ಡದ ಮ್ಯಾಲೆ ಭೂಕಂಪ ಅಳೆಯೋ ದೊಡ್ಡ ಸಂಶೋಧನಾ ಕೇಂದ್ರ ಐತಿ. ನಾ ಅದರ ಜೀಪ್ ಡ್ರೈವರ್ ಹುಚ್ಚೇಶ. ಹೆಸರಿಗೆ ತಕ್ಕಂಗ ಸಿಟ್ಟೂ ಐತಿ, ಮೊದಲಽ ಹೇಳಿಬಿಡ್ತೇನಿ. ಎಲ್ಲಾರೂ ಅಲ್ಲಿ ಮಷಿನ್ ಸುದ್ದಿ ಹೇಳ್ತಾರ, ಅದನ್ನ ಕಾಯೋ ಸಕ್ರವ್ವನ ಸುದ್ದಿ ಯಾರೂ ಎತ್ತಂಗಿಲ್ಲ.

ಸಕ್ರವ್ವ ಇಳಕಲ್ಲಿನ ನೇಕಾರ ಮನಿಯಾಕಿ. ಮಗ್ಗದ ಸಪ್ಪಳದಾಗಽ ಹುಟ್ಟಿ ಬೆಳದಾಕಿ. ಗಂಡ ತೀರಿಕೊಂಡ, ಮಗ್ಗ ನಿಂತಿತು, ಮಕ್ಕಳಿಲ್ಲ, ಈ ಕಾಯೋ ಕೆಲಸಕ್ಕ ಬಂದು ಗುಡ್ಡದ ಮ್ಯಾಲೆ ಒಬ್ಬಾಕಿನಽ ಉಳದ್ಳು. ಮಷಿನ್ ನೆಲದೊಳಗಿನ ಸಣ್ಣ ಅಲುಗಾಟಾನೂ ಹಿಡೀತೈತಿ ಅಂತ ಅಲ್ಲಿ ಗಾಡಿ ಬಿಡಂಗಿಲ್ಲ, ಮಂದಿ ಸೇರಸಂಗಿಲ್ಲ. ವಾರಕ್ಕೊಮ್ಮೆ ಸಂತಿ ಸಾಮಾನು ಒಯ್ಯೋ ನಾನೂ ಜೀಪ್ ಕೆಳಗ ಬಿಟ್ಟು ನಡಕೊಂತ ಹತ್ತಬೇಕು. "ಹುಚ್ಚೇಶಪ್ಪಾ, ನನ್ನ ಕಿವಿ ಉಪವಾಸ ಬಿದ್ದಾವು" ಅಂತಿದ್ಳು.

ಒಂದಿನ ಆಕಿ ಫೋನ್ ಬಡೀತು. ಬಾಗಲಕೋಟಿ ವಿದ್ಯಾಗಿರಿಯೊಳಗಿನ ನಮ್ಮ ಆಫೀಸಿನ ರಾಧಿಕಾ ಮೇಡಂ. ಸಕ್ರವ್ವ ರೊಟ್ಟಿ ಬಡದಿದ್ದನ್ನ ಮಷಿನ್ ಹಿಡದು, ಅವ್ರ ಕಂಪ್ಯೂಟರಿನ್ಯಾಗ ತೋರಿಸಿತ್ತು. ಈಕಿ ಬೈಗಳಾ ಬೀಳ್ತಾವ ಅಂತ ಹೆದರಿದ್ರ, ಮೇಡಂ ಕೇಳಿದ್ದು ಇಷ್ಟಽ: "ಯಕ್ಕಾ, ದಿನಾ ಎರಡು ಬಡೀತೀರಿ, ಇವತ್ತ ಮೂರು. ಬೀಗರು ಬಂದಾರೇನ್ರಿ?"

ಅವತ್ತಿಂದ ದಿನಾ ಫೋನ್. ಒಂದಽ ಬಡದ್ರ ಆರಾಮಿಲ್ಲೇನು ಅಂತ ವಿಚಾರಸ್ತಿದ್ರು. ಒಡಹುಟ್ಟಿದ ತಮ್ಮ ಕೇಳಲಾರದ್ದನ್ನ ಆ ಹೆಣ್ಮಗಳು ಕೇಳ್ತಿದ್ಳು.

ಹೋದ ವರ್ಷ ಮೇಡಂಗ ವರ್ಗ ಆತು, ಫೋನ್ ನಿಂತಿತು. ಇನ್ನ ಯಾರೂ ಕೇಳಂಗಿಲ್ಲವ್ವಾ ಅಂತ ನಾ ತಿಳಿಸಿ ಹೇಳಿದ್ನಿ. ಸಕ್ರವ್ವ ಕೇಳಬೇಕಲ್ಲ! ಆ ಕುರ್ಚಿ ಮ್ಯಾಲೆ ಯಾರಾರೆ ಕುಂತಿರ್ತಾರ, ಅವ್ರಿಗೂ ಕಾಣತೈತಿ ಅಂದ್ಳು. ಅವ್ರೂ ಕೇಳ್ಲಿ ಅಂತ ನಾಕು ಬಡದ್ಳು, ಆರು ಬಡದ್ಳು. ಗುಡ್ಡದ ಮಂಗ್ಯಾಗೋಳು ತಿಂದು ಮೈ ತುಂಬಿಕೊಂಡ್ವು.

ಈ ಸಲ ಶಿವರಾತ್ರಿ ಮುಗಿಯೂದ್ರಾಗ ಗುಡ್ಡದ ಹುಲ್ಲು ಒಣಗಿ ನಿಂತಿತ್ತು. ಒಂದು ಮಧ್ಯಾಹ್ನ ಎಲ್ಲೋ ಹತ್ತಿದ ಬೆಂಕಿ ಗಾಳಿ ಕೂಡ ಕೇಂದ್ರದ ಕಡೆ ಏರಿತು. ಆಫೀಸಿಂದ ನನಗ ಫೋನ್ ಬಂತು: ಮಷಿನಿನ ಪೆಟ್ಟಿಗಿ ಲಗೂನ ಇಳಿಸಿಕೊಂಡು ಬಾ. ಸಕ್ರವ್ವ ಎಲ್ಲದಾಳ ಅಂತ ನಾ ಕೇಳಿದ್ರ, ಇಳದಿರಬೇಕು ಬಿಡು ಅಂದ್ರು. ನನ್ನ ಮೈ ಉರದು ಹೋತು.

ಕಾಲುದಾರಿ ಹೊತ್ತಿಕೊಂಡಿತ್ತು. ಗುಡ್ಡದ ಹಿಂದಿನ ಬಂಡೆಗಲ್ಲು ಹಿಡದು ಹತ್ತಿದ್ನಿ. ಹೊಗಿಯೊಳಗ ಟಪ್ ಟಪ್ ಅಂತ ಸಪ್ಪಳ. ಸಕ್ರವ್ವ ಮಷಿನ್ ಖೋಲಿ ಬಾಗಿಲದಾಗ ಕುಂತು, ಹಿಟ್ಟಿಲ್ಲದ ಬರೇ ಕಲ್ಲಿಗೆ ಅಂಗೈ ಬಡೀಲಿಕ್ಕೆ ಹತ್ತಿದ್ಳು. ಫೋನಿಗೆ ರೇಂಜ್ ಹೋಗಿತ್ತು, ಅಂಗೈ ಬಾತಿತ್ತು. ನನ್ನ ಕಂಡಕೂಡ್ಲೆ ಮಾರಿ ಅರಳಿತು.

"ನೋಡು, ಕಾಣತೈತಿ ಅಂದಿದ್ನಿಲ್ಲ? ಅವ್ರಽ ಕಳಿಸಿದ್ರಲ್ಲ ನಿನ್ನ?"

ಮೊದಲ ಏಳವ್ವಾ ಅಂತ ರಟ್ಟಿ ಹಿಡದು ಎಬ್ಬಿಸಿದ್ನಿ. ಆಕೀನ ಇಳಿಸಿದ ಮ್ಯಾಲೆ ಪೆಟ್ಟಿಗಿ ಇಳಿಸಿದ್ನಿ. ಕೇಂದ್ರದ ಸುತ್ತಲಿನ ಬಂಡೆಗಲ್ಲಿನ ಮ್ಯಾಲೆ ಹುಲ್ಲಿರಲಿಲ್ಲ, ಬೆಂಕಿ ಅಲ್ಲೇ ಸತ್ತಿತು. ಕೇಂದ್ರ ಉಳೀತು.

ಮರುದಿನ ಆಫೀಸಿಗೆ ಹೋಗಿ, ನಿನ್ನಿ ಮಧ್ಯಾಹ್ನ ಮಷಿನ್ ಬರದ ಗೆರಿ ತೋರಸ್ರಿ ಅಂತ ಜಗಳಾ ತಗದ್ನಿ. ತೋರಿಸಿದ್ರು. ಸಪಾಟ ಗೆರಿ. ನಡಿಗಿ, ಅಡಿಗಿ, ಇಂಥಾ ಮನಷ್ಯಾರ ಸಪ್ಪಳ ಎಲ್ಲಾ ಹೋದ ವರ್ಷದಿಂದ ಕಂಪ್ಯೂಟರ್ ತಾನಽ ಅಳಸಿ ಹಾಕತೈತಂತ. ಆಕಿಗೊಂದು ಮಾತು ಹೇಳಬಾರದೇನ್ರಿ ಅಂದ್ನಿ. ಕೋಳಿನ ಕೇಳಿ ಮಸಾಲಿ ಅರೀತಾರೇನು?

ಸಕ್ರವ್ವಂಗ ಖರೇನಽ ಹೇಳಿದ್ನಿ. ಸುಳ್ಳು ಹೇಳಿದ್ರ ಇನ್ನೊಮ್ಮೆ ಬೆಂಕಿಯೊಳಗ ಹಂಗಽ ಬಡಕೊಂತ ಕುಂತಾಳು ಅಂತ ಹೆದರಿಕಿ. ಆಕಿ ಸುಟ್ಟ ಗುಡ್ಡಾ ನೋಡಿ ನಕ್ಕಳು. ಒಂದು ವರ್ಷ ಮಂಗ್ಯಾಗೋಳಿಗೆ ರೊಟ್ಟಿ ಬಡದಂಗಾತು ಬಿಡು ಅಂದ್ಳು. ನನಗ ಅಳು ಬಂತು.

ಮುಂದಿನ ವಾರ ಸಾಮಾನು ಒಯ್ದಾಗ ಬುಟ್ಟ್ಯಾಗ ಒಂದಽ ರೊಟ್ಟಿ ಇತ್ತು. ಆರಾಮಿಲ್ಲೇನವ್ವಾ ಅಂತ ಕೇಳಿದ್ನಿ. ಆಕಿ ಆ ರೊಟ್ಟಿ ಮುರದು ಅರ್ಧಾ ನನ್ನ ಕೈಯಾಗ ಇಟ್ಟಳು.

"ನೀ ವಾರಕ್ಕೊಮ್ಮೆ ಬರಾಂವ. ಉಳದ ದಿನಾ ಎಷ್ಟು ಬಡೀಲಿ, ಹೇಳು."