ಹತ್ತನೆಯ ವಿದ್ಯಾರ್ಥಿನಿ

ಯಲಹಂಕದ ಖಾಸಗಿ ಕಾಲೇಜೊಂದರಲ್ಲಿ ಎಂ.ಎ. ಇತಿಹಾಸ ಕಲಿಸುವ ರಾಮಕೃಷ್ಣಪ್ಪ ಮೇಷ್ಟ್ರಿಗೆ ಪ್ರವೇಶದ ಕಾಲ ಬಂತೆಂದರೆ ಕಂಡವರೆಲ್ಲ ವಿದ್ಯಾರ್ಥಿಗಳೇ. ಹತ್ತು ಜನವಾದರೂ ಸೇರದಿದ್ದರೆ ಕೋರ್ಸು ಮುಚ್ಚುವುದಾಗಿ ಆಡಳಿತ ಮಂಡಳಿ ಹೇಳಿಬಿಟ್ಟಿದೆ. ಹಾಗಾಗಿ ಮದುವೆಗೆ ಹೋದರೂ ಅಕ್ಷತೆ ಹಾಕುತ್ತಲೇ ಮದುಮಗಳನ್ನು "ಡಿಗ್ರಿ ಆಯ್ತೇನಮ್ಮಾ? ಮುಂದೇನು?" ಎಂದು ವಿಚಾರಿಸುತ್ತಾರೆ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಆಟೋ ನಿಂತರೆ ಡ್ರೈವರಿಗೆ ಎರಡು ವರ್ಷ, ನಾಲ್ಕು ಸೆಮಿಸ್ಟರ್, ಕೊನೆಗೊಂದು ಪ್ರಾಜೆಕ್ಟು ಎಂದೆಲ್ಲ ವಿವರಿಸಿ, "ಬಿ.ಎ. ಪಾಸಾಗಿದ್ರೆ ಸಾಕು ಕಣಪ್ಪಾ, ವಯಸ್ಸು ಯಾರೂ ಕೇಳಲ್ಲ" ಎನ್ನುತ್ತಾರೆ. ಬ್ಯಾಟರಾಯನಪುರದ ಕಟಿಂಗ್ ಶಾಪಿನ ಸುಬ್ರಮಣಿಯಂತೂ ಅವರು ಮೆಟ್ಟಿಲು ಹತ್ತುವ ಮೊದಲೇ, "ನಂದು ಪಿಯುಸಿ ಫೇಲು ಸಾರ್, ನನ್ನ ಬಿಟ್ಬಿಡಿ" ಎಂದು ಕೈ ಮುಗಿಯುತ್ತಾನೆ. ಈ ಸಲ ಕೊನೆಯ ದಿನದವರೆಗೂ ಬಂದದ್ದು ಒಂಬತ್ತೇ ಅರ್ಜಿ. ಮೇಷ್ಟ್ರು ಮನೆಗೆ ಓಡಿ, ಮದುವೆಗೆ ಮುಂಚೆಯೇ ಬಿ.ಎ. ಮುಗಿಸಿದ್ದ ಹೆಂಡತಿ ನಾಗಲಕ್ಷ್ಮಿಯ ಮಾರ್ಕ್ಸ್ ಕಾರ್ಡನ್ನು ಬೀರುವಿನಿಂದ ತೆಗೆಸಿದರು. ಈಗ ಆಕೆ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಮನೆಗೆ ಬಂದವರು ಆಕೆಯನ್ನು ಏನು ಕೇಳಿದರೂ ಉತ್ತರ ಕೊಡುವುದು ಇವತ್ತಿಗೂ ಮೇಷ್ಟ್ರೇ. ತರಗತಿಯಲ್ಲಿ ಮಾತ್ರ ಅವರು ನಡುವೆ ಬಾಯಿ ಹಾಕಿದರೆ ಆಕೆ, "ನಂದಿನ್ನೂ ಮುಗಿದಿಲ್ಲ ಸಾರ್" ಎನ್ನುತ್ತಾರೆ. ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡು, ಮುಗಿಯುವವರೆಗೂ ನಿಂತು ಕೇಳುತ್ತಾರೆ.