ಜನರೇಟರಿನ ಆಚೆ ಬದಿಗೆ ಮಾವ

ಅಕ್ಕನ ಗಂಡನನ್ನು ನಾನು ಮಾವ ಅನ್ನುವುದು. ಅವನೂ ನಾನೂ ಕೂಡಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದೆವು. ಅಂಗಡಿ ಅಂತ ಇರಲಿಲ್ಲ. ಹೊಲದಲ್ಲಿ ತಗಡಿನ ಶೆಡ್ಡು, ಬಾವಿಗೆ ಕಬ್ಬಿಣದ ಜಾಲರಿ, ತೋಟಕ್ಕೆ ಗೇಟು, ಕರೆದಲ್ಲಿಗೆ ನಾವೇ ಹೋಗಬೇಕು. ಅಂಥ ಕಡೆ ಕರೆಂಟಿನ ಭರವಸೆ ಇರುವುದಿಲ್ಲ. ಅದಕ್ಕೇ ಇಬ್ಬರೂ ಸೇರಿ ಒಂದು ಡೀಸೆಲ್ ಜನರೇಟರ್ ತಗೊಂಡಿದ್ದೆವು. ಸಣ್ಣ ಟ್ರಕ್ಕು ಮಾವನದು. ಹುನಗುಂದದಲ್ಲಿ ಅವನದು ಒಂದೇ ಖೋಲಿಯ ಬಾಡಿಗೆ ಮನೆ, ಜನರೇಟರ್ ಇಡಲು ಜಾಗವಿಲ್ಲ. ಹಾಗಾಗಿ ಅದನ್ನು ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಇಡುತ್ತಿದ್ದೆವು. ಬೆಳಿಗ್ಗೆ ಮಾವ ಗಾಡಿ ತಂದಾಗ ಹೇರುವುದು, ಕೆಲಸದ ಜಾಗದಲ್ಲಿ ಇಳಿಸುವುದು, ಸಂಜೆ ಮತ್ತೆ ಹೇರುವುದು, ಮನೆಗೆ ಬಂದು ಮತ್ತೆ ಇಳಿಸುವುದು.

ಆಚೆ ಬದಿಗೆ ಮಾವ, ಈಚೆ ಬದಿಗೆ ನಾನು, ನಡುವೆ ಅದು. ಅದರ ಚೌಕಟ್ಟಿನ ಪೈಪು ಹಿಡಿದು ಬಾಗಿದರೆ ಅವನ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. "ಹೂಂ, ಎತ್ತೋ ತಮ್ಮಾ" ಅನ್ನುತ್ತಿದ್ದ. ಒಬ್ಬ ಮೊದಲು ಇನ್ನೊಬ್ಬ ಆಮೇಲೆ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ನಮ್ಮಿಬ್ಬರದು ಚೆನ್ನಾಗಿ ಹೊಂದಿಕೊಂಡಿತ್ತು. ನನಗೆ ಕೆಲಸ ಕಲಿಸಿದವನೇ ಅವನು.

ಕೆರೂರಿನ ಹತ್ತಿರ ಒಬ್ಬ ಹಿರಿಯರ ಕುರಿಗಳಿಗೆ ಶೆಡ್ಡು ಕಟ್ಟುತ್ತಿದ್ದೆವು. ಒಂದು ದಿನ ಸಂಜೆ ಮನೆಗೆ ಬಂದು ನೋಡಿದರೆ ಅಕ್ಕ ಪಡಸಾಲೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಗಂಡನನ್ನು ಕಂಡು ಎದ್ದು ಒಳಗೆ ಹೋದಳು. ಮಾವ ನನ್ನ ಜೊತೆ ಜನರೇಟರ್ ಇಳಿಸಿ, ಚಹಾಕ್ಕೂ ನಿಲ್ಲದೆ ಹೋದ.

ಏನಾಯಿತೆಂದು ಅವ್ವ ಕೇಳಿದಳು. ಅಕ್ಕ ಕುಪ್ಪಸದ ತೋಳು ಮೇಲೆ ಸರಿಸಿ ತೋರಿಸಿದಳು. ರಟ್ಟೆ ನೀಲಿಗಟ್ಟಿತ್ತು. "ಇದ ಮೊದಲ ಸಲ ಅಲ್ಲವ್ವಾ" ಅಂದಳು. ಅವ್ವ ತುಟಿ ಕಚ್ಚಿಕೊಂಡು ಆ ತೋಳನ್ನೇ ನೋಡುತ್ತ ನಿಂತಳು.

ನಾಳೆಯಿಂದ ಅವನ ಜೊತೆ ಹೋಗುವುದಿಲ್ಲ ಅಂದೆ. ಅಕ್ಕನೇ ಒಪ್ಪಲಿಲ್ಲ. "ಅರ್ಧಕ್ಕ ಬಿಟ್ರ ಆ ಯಜಮಾನ್ರ ಕುರಿ ಮಳ್ಯಾಗ ನಿಲ್ತಾವ. ಮುಗಿಸಿ ಬಾ. ಆದ್ರ ನನ್ನ ಸುದ್ದಿ ನಿಮ್ಮ ಮಾವಾರ ಮುಂದ ತಗೀಬ್ಯಾಡ."

ಮರುದಿನ ಬೆಳಿಗ್ಗೆ ಮಾವ ಎಂದಿನಂತೆ ಬಂದ. ಯಾರೇ ಬರಲಿ, ಒಂದು ಚರಿಗೆ ನೀರು ಕೊಡುವ ಅವ್ವ ಅವತ್ತು ಹೊರಗೆ ಬರಲಿಲ್ಲ. ಮಾವ ಒಳಬಾಗಿಲ ಕಡೆ ಒಮ್ಮೆ ನೋಡಿ ಪೈಪಿಗೆ ಕೈ ಹಾಕಿದ. "ಎತ್ತೋ ತಮ್ಮಾ" ಅನ್ನಲಿಲ್ಲ. ಅವನ ಭುಜ ಅಲುಗುವುದನ್ನು ನೋಡಿಕೊಂಡು ನಾನು ಎತ್ತಿದೆ. ಆಮೇಲಿನ ದಿನಗಳೆಲ್ಲ ಹಾಗೆಯೇ ಹೋದವು. ಗಾಡಿಯಲ್ಲಿ ಅಕ್ಕಪಕ್ಕ ಕೂತು ಹೋಗುತ್ತಿದ್ದೆವು, ಬಾದಾಮಿ ದಾರಿಯುದ್ದಕ್ಕೂ ಒಂದು ಮಾತಿಲ್ಲ.

ಶೆಡ್ಡು ಮುಗಿಯುವ ದಿನ ನನಗೆ ತಡೆಯಲಾಗಲಿಲ್ಲ. ಜನರೇಟರನ್ನು ಗಾಡಿಯ ಅಂಚಿಗೆ ಎಳೆದು, ಎತ್ತಿ, ಇನ್ನೇನು ಕೆಳಗಿಡಬೇಕು. ಪೈಪನ್ನು ಬಿಗಿಯಾಗಿ ಹಿಡಿದ ಅವನ ಕೈಗಳು ನನ್ನ ಕಣ್ಣೆದುರಿಗೇ ಇದ್ದವು. ಅಕ್ಕನ ಮಾತು ಮೀರಿ ಕೇಳಿಬಿಟ್ಟೆ.

"ಅಕ್ಕನ ಯಾಕ ಹೊಡದಿ?"

ಅಲ್ಲಿವರೆಗೆ 'ರಿ' ಹಚ್ಚದೆ ಅವನ ಜೊತೆ ಮಾತಾಡಿದವನಲ್ಲ ನಾನು. ಅವನು ಮುಖ ಎತ್ತಿ ನೋಡಿದ.

"ಮೊದಲ ಕೆಳಗ ಇಡು."

"ಹೇಳು. ಆಮ್ಯಾಲೆ ಇಡೂಣು."

ಜನರೇಟರ್ ಇನ್ನೂ ಇಬ್ಬರ ಕೈಯಲ್ಲೇ ಇತ್ತು. ಒಬ್ಬ ಬಿಟ್ಟರೆ ಇಬ್ಬರ ಕಾಲೂ ಹೋಗುತ್ತಿತ್ತು.

"ಮತ್ತ ಮಗ್ಗಕ್ಕ ಕೂಡ್ತೇನಿ ಅಂದ್ಳು" ಅಂದ. "ಬ್ಯಾಡ ಅಂದೆ. ಮಂದಿ ಮನ್ಯಾಗ ಹೋಗಿ ನೇಯೂದು ಬ್ಯಾಡ ಅಂದೆ. ಎದುರು ಮಾತಾಡಿದ್ಳು."

"ಅಷ್ಟಕ್ಕ?"

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಹೂಂ. ಅಷ್ಟಕ್ಕ" ಅಂದ.

ಕೆಳಗೆ ಇಟ್ಟೆವು. ನನ್ನ ಬಲ ಭುಜದಲ್ಲಿ ಏನೋ ಚಳಕ್ ಅಂತು. ಕುರಿಯ ಯಜಮಾನರು ಮಜ್ಜಿಗೆ ತಂದುಕೊಟ್ಟು, "ಬಿಸಲಾಗ ಭಾಳ ತ್ರಾಸಾತು ನಿಮಗ" ಅಂದರು. ಇಬ್ಬರೂ ತಲೆ ಅಲ್ಲಾಡಿಸಿದೆವು. ಸಂಜೆ ಜನರೇಟರ್ ಹೇರುವಾಗ ಅವರೇ ಒಂದು ಕೈ ಹಾಕಿದರು.

ಊರಿಗೆ ಬರುವಾಗ ಮಾವ ಅಂದ, "ತಪ್ಪಾತು ಅಂತೇನಿ. ಬರ್ತಾಳೇನು ಕೇಳು."

"ನೀನ ಕೇಳು" ಅಂದೆ.

ಮನೆ ಮುಂದೆ ಗಾಡಿ ನಿಂತಿತು. ಜನರೇಟರನ್ನು ಹೇಗೋ ಇಳಿಸಿದೆವು, ಆದರೆ ಪಡಸಾಲೆಗೆ ಏರಿಸಲು ನನ್ನ ಭುಜ ಏಳಲಿಲ್ಲ. ಅದು ಓಣಿಯಲ್ಲೇ ಉಳಿಯಿತು. ಮಾವ ಹೊಸ್ತಿಲ ಹೊರಗೆ ನಿಂತು, "ತಪ್ಪಾತು. ಮನಿಗಿ ಬಾ" ಅಂದ. ಅಕ್ಕ ಹೊರಗೆ ಬಂದಳು.

"ನಾ ಬರೂದಿಲ್ರಿ. ಈ ಮಷಿನ್ನೂ ಇನ್ನ ಇಲ್ಲಿ ಇಡಬ್ಯಾಡ್ರಿ. ಇದರ ನೆವಾ ಮಾಡಿ ನೀವು ದಿನಾ ಈ ಬಾಗಲಿಗೆ ಬರೂದು ನನಗ ಬ್ಯಾಡ."

ಓಣಿಯ ಮಂದಿ ಕಟ್ಟೆಗಳ ಮೇಲಿಂದ ನೋಡುತ್ತಿದ್ದರು. ಮಾವ ಬಾಗಿ ಪೈಪು ಹಿಡಿದ. ನಾನು ಎಡಗೈ ಹಾಕಿದೆ. ಜನರೇಟರ್ ಕದಲಲಿಲ್ಲ. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿ ಕೆಳಗಿಳಿದು, ನನ್ನ ಬದಿಗೆ ನಿಂತು ಎರಡೂ ಕೈಯಿಂದ ಹಿಡಿದಳು.

"ನೀ ಬಿಡು, ಭಾರ ಐತಿ" ಅಂದ ಮಾವ.

ಅವಳು ಬಿಡಲಿಲ್ಲ. ಮೂವರೂ ಎತ್ತಿದೆವು. ಅದು ಗಾಡಿಯ ಅಂಚಿಗೆ ಬಡಿದು, ಒಳಗೆ ಸರಿಯಿತು. ಮಾವ ಗಾಡಿ ಹತ್ತುವ ಮೊದಲು ಒಮ್ಮೆ ಅವಳ ಕಡೆ ತಿರುಗಿ ನೋಡಿದ.

ಅವನು ಹೋದ ಮೇಲೆ ಅಕ್ಕ ಬಚ್ಚಲಲ್ಲಿ ಕೂತು ಕೈ ತೊಳೆದೇ ತೊಳೆದಳು. ಡೀಸೆಲ್ ವಾಸನೆ ಹೋಗುತ್ತಿಲ್ಲ ಅಂದಳು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಅಲ್ಲಿ ಬಂತು. ಅವ್ವ ಅವಳ ಬೆನ್ನ ಮೇಲೆ ಕೈ ಇಟ್ಟು ಕೂತಳು.

ಈಗ ಅಕ್ಕ ಹಿಂದಿನ ಓಣಿಯ ಒಬ್ಬರ ಮನೆಯಲ್ಲಿ ಸೀರೆ ನೇಯುತ್ತಾಳೆ. ಎರಡೂ ಮನೆತನದ ಹಿರಿಯರು ಒಮ್ಮೆ ಬಂದು ಕೂತು ಮಾತಾಡಿದರು. ಅವರಿಗೂ ಬರುವುದಿಲ್ಲ ಅಂತಲೇ ಹೇಳಿ ಕಳಿಸಿದಳು. ನಾನು ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೂಲಿಗೆ ಹೋಗುತ್ತೇನೆ. ಭುಜ ಪೂರ್ತಿ ಸರಿಹೋಗಿಲ್ಲ. ಒಮ್ಮೊಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರ ಮಾವನ ಗಾಡಿ ಕಾಣುತ್ತದೆ, ಹಿಂದೆ ಜನರೇಟರ್, ಪಕ್ಕದಲ್ಲಿ ಹೊಸ ಆಳು. ನನ್ನನ್ನು ನೋಡಿದರೆ ಮಾವ ಗಾಡಿ ನಿಧಾನ ಮಾಡಿ ಕೈ ಎತ್ತುತ್ತಾನೆ. ನಾನೂ ಎತ್ತಬೇಕೋ ಬೇಡವೋ ತಿಳಿಯದೆ ಬೇರೆ ಕಡೆ ನೋಡುತ್ತ ನಿಲ್ಲುತ್ತೇನೆ.