ಮನೆಯ ನೆತ್ತಿ ನೋಡುತ್ತಿದ್ದ ದಸ್ತಗೀರ ಕಾಕಾ

ದಸ್ತಗೀರ ಕಾಕಾ ನಮ್ಮ ಮನೆಗೆ ಬಾಗಿಲಿನಿಂದ ಬಂದದ್ದು ನನಗೆ ನೆನಪಿಲ್ಲ. ಬಂದರೆ ಮೇಲಿನಿಂದಲೇ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗ ಮಾಳಿಗೆಯ ಮೇಲೆ ಧಪ್ ಧಪ್ ಎಂದು ಸದ್ದಾಗುತ್ತಿತ್ತು, ಬೆಳಕಿಂಡಿಯಲ್ಲಿ ಒಂದು ಬಿಳಿ ಗಡ್ಡ ಇಣುಕುತ್ತಿತ್ತು. "ತಂಗೀ, ನಾನ ಅದೇನಿ, ಹೆದರಬ್ಯಾಡ." ಹೆದರುವ ಮಾತು ಹಾಗಿರಲಿ, ಅವ್ವನಿಗೆ ಸಿಟ್ಟು ಬರುತ್ತಿತ್ತು. "ದಸ್ತಗೀರಣ್ಣಾ, ಸಾರಿನ್ಯಾಗ ಮಣ್ಣ ಬಿತ್ತು ನೋಡ!" ಕಾಕಾನ ಉತ್ತರ ತಯಾರೇ ಇರುತ್ತಿತ್ತು: "ಮಣ್ಣ ಬಿದ್ರ ತಗದ ಉಣ್ಣು. ತೊಲಿ ಬಿದ್ರ ಏನ ತಗೀತಿ?"

ಆತ ಗೌಂಡಿ, ಮನೆ ಕಟ್ಟುವ ಮೇಸ್ತ್ರಿ. ಸಿಂದಗಿ ಕಡೆಯ ಹಳೆಯ ಊರುಗಳಲ್ಲಿ ಇರುವಂಥವೇ ನಮ್ಮ ಓಣಿಯ ಮನೆಗಳು: ಕಲ್ಲಿನ ಗೋಡೆ, ಕಟ್ಟಿಗೆಯ ತೊಲೆ, ಮೇಲೆ ಮಣ್ಣು ಹಾಸಿದ ಸಮತಟ್ಟು ಮಾಳಿಗೆ. ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗುಡಿಯ ಬದಿಯಲ್ಲಿ ಹತ್ತಿದವರು ಕೆಳಗಿಳಿಯದೆಯೇ ಮಸೀದಿಯ ಬದಿಗೆ ಹೋಗಬಹುದು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮೊದಲು ಆ ಎಲ್ಲ ಮಾಳಿಗೆಗೂ ಹೊಸ ಮಣ್ಣು ಹಾಕುತ್ತಿದ್ದವನು ಕಾಕಾ. ಬರಿಗಾಲ ಹಿಮ್ಮಡಿಯಿಂದ ಒಮ್ಮೆ ಗುದ್ದಿ ಕಿವಿಗೊಡುತ್ತಿದ್ದ. "ಧಂ ಅಂದ್ರ ಗಟ್ಟಿ ಐತಿ. ದಬ್ ಅಂದ್ರ ಒಳಗ ಗೆದ್ದಲಿ ಉಣ್ಣಾಕತ್ತೈತಿ."

ಈ ವಿದ್ಯೆಯಿಂದ ಆತನಿಗೆ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿತ್ತು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಯಾರ ಮನೆಗೆ ಹೋದರೂ ಒಳಗೆ ಕೂಡುತ್ತಿರಲಿಲ್ಲ. ಬಾಗಿಲಿನ ಚೌಕಟ್ಟಿನ ನಡುವೆಯೇ ಕುಕ್ಕರಬಡಿಯುತ್ತಿದ್ದ. ಊಟದ ತಾಟು ಹಿಡಿದವರು, ಕೂಸು ಎತ್ತಿಕೊಂಡವರು ಎಲ್ಲರೂ ಆತನನ್ನು ದಾಟಿಯೇ ಹೋಗಬೇಕು. "ಕಾಕಾ, ದಾರಿ ಬಿಡ್ರಿ" ಅಂದರೆ, "ಈ ಮನ್ಯಾಗ ಗಟ್ಟಿ ಇರೂದು ಇದೊಂದ ಜಾಗಾ, ಸುಮ್ನ ದಾಟ್ರಿ" ಅನ್ನುತ್ತಿದ್ದ. ಬೀಗರ ಎದುರಿಗೆ ಹೀಗೆ ಅಂದರೆ ಮನೆಯವರ ಮುಖ ಏನಾಗಬೇಡ!

ಆದರೆ ಕಾಕಾ ಹೇಳಿದ್ದೇ ಖರೆ ಆಯಿತು. ಒಂದು ವರ್ಷದ ಜಡಿಮಳೆಗೆ ಓಣಿಯ ಎರಡು ಮಾಳಿಗೆ ಕುಸಿದವು. ಶಾಂತವ್ವನ ಪಡಸಾಲೆ ಪೂರ್ತಿ ಕೆಳಗೆ ಬಂದು, ಅಡಿಯಲ್ಲಿ ಸಿಕ್ಕ ಅವಳ ಸೊಂಟ ಮುರಿಯಿತು. ಆಮೇಲೆ ನಮ್ಮೂರ ಪುರಸಭೆಗೆ ಎಚ್ಚರವಾಯಿತು. ರಸ್ತೆ, ಗಟಾರು ಬಿಟ್ಟು ಜನರ ಸ್ವಂತ ಮನೆಗಳ ದುರಸ್ತಿಗೆ ಯೋಜನೆ ಮಾಡಿದ್ದು ಅದೇ ಮೊದಲು. ಮನೆ ಮನೆ ಸಮೀಕ್ಷೆ ಮಾಡುವುದು, ಕೆಟ್ಟ ಮನೆಗಳ ಪಟ್ಟಿಯನ್ನು ಸಭೆಯಲ್ಲಿ ಪಾಸು ಮಾಡುವುದು, ಬೇಸಿಗೆಯೊಳಗೆ ಕಟ್ಟಿಗೆ ಕೊಟ್ಟು ಮಾಳಿಗೆ ಬದಲಿಸುವುದು. ಪಟ್ಟಿಯಲ್ಲಿ ಇಲ್ಲದ ಮನೆಗೆ ಏನೂ ಇಲ್ಲ. ನಾನು ಪುರಸಭೆಯಲ್ಲಿಯೇ ಕಂಪ್ಯೂಟರ್ ಆಪರೇಟರ್, ಪಟ್ಟಿ ಟೈಪು ಮಾಡುವವಳು ನಾನೇ.

"ಮನಿ ನೋಡಾಕ ಸಾಹೇಬ್ರು ಬರ್ತಾರ" ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿದ್ದೇ ತಪ್ಪಾಯಿತು. ನಮ್ಮ ಜನ ನಿಮಗೆ ಗೊತ್ತಿಲ್ಲ. ಮನೆಗೆ ಯಾರೇ ಬರಲಿ, ಬೀಗರು ಬಂದಷ್ಟೇ ಸಡಗರ. ಎರಡು ದಿನದಲ್ಲಿ ಓಣಿಗೆ ಓಣಿಯೇ ಸುಣ್ಣ ಬಳಿದುಕೊಂಡು ಬೆಳ್ಳಗಾಯಿತು. ನಮ್ಮವ್ವ ಬಿರುಕು ಬಿಟ್ಟ ಗೋಡೆಗೆ ಅಲಮಾರಿ ಸರಿಸಿ ನಿಲ್ಲಿಸಿದಳು, ಶಿರಾ ಮಾಡಿದಳು. ಕೋಲು ಊರಿಕೊಂಡು ಓಡಾಡುತ್ತಿದ್ದ ಶಾಂತವ್ವನಂತೂ ಕುಸಿದ ಪಡಸಾಲೆಯ ಮಣ್ಣು ಹೊರಿಸಿ, ಸಗಣಿ ಸಾರಿಸಿ, ಮೂಲೆಗೊಂದು ತುಳಸಿ ಇಟ್ಟಿದ್ದಳು. "ಇಲ್ಲಿ ಮಾಳಗಿ ಇಲ್ಲೇನ್ರಿ?" ಅಂತ ಕೇಳಿದರೆ, "ಗಾಳಿ ಬೆಳಕಿಗೆ ಬಿಟ್ಟೇವ್ರಿ" ಅಂದಳಂತೆ! ಬಂದವರು ಶಿರಾ ತಿಂದರು, ಚಹಾ ಕುಡಿದರು, 'ಸುಸ್ಥಿತಿ' ಎಂದು ಬರೆದುಕೊಂಡು ಹೋದರು.

ಟೈಪು ಮಾಡುತ್ತ ಮಾಡುತ್ತ ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿದೆ. ನಮ್ಮ ಓಣಿಯ ಒಂದು ಮನೆಯೂ ದುರಸ್ತಿಯ ಕಾಲಮ್ಮಿನಲ್ಲಿ ಇಲ್ಲ. ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. "ಅವ್ವಾ, ಮಳಿ ಬಂದ್ರ ನಿನ್ನ ಶಿರಾ ಮಾಳಗಿ ಹಿಡೀತೈತೇನ?" ಅವಳೂ ಬಿಡಲಿಲ್ಲ. "ಬಂದವರ ಮುಂದ ಹರಕ ಸೀರಿ ತೋರಸ್ತಾರೇನ? ಮಾನಾ ಇಲ್ಲೇನ ನಮಗ?" ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗೊಣಗುತ್ತ ದಸ್ತಗೀರ ಕಾಕಾನ ಕಡೆ ನಡೆದೆ. ಸಭೆಗೆ ನಾಲ್ಕೇ ದಿನ ಉಳಿದಿದ್ದವು.

ಮರುದಿನ ಕಾಕಾ ಮುಖ್ಯಾಧಿಕಾರಿಯವರ ಕೋಣೆಯ ಬಾಗಿಲಲ್ಲಿ ನಿಂತ. ಅವರು ದಕ್ಷಿಣದ ಕಡೆಯಿಂದ ಹೊಸದಾಗಿ ಬಂದಿದ್ದ ಮೇಡಂ. "ಬಾಯಾರ, ನಿಮ್ಮವರು ಮನಿಯ ಸುಣ್ಣ ಹಚ್ಚಿದ ಮಾರಿ ಅಷ್ಟ ನೋಡ್ಯಾರ. ಮನಿ ನೆತ್ತಿ ನೋಡಬೇಕ್ರಿ."

"ಮತ್ತೆ ಸಮೀಕ್ಷೆಗೆ ಹೋದ್ರೆ ಮತ್ತೆ ಸುಣ್ಣ ಬಳೀತಾರಲ್ಲ ಅಜ್ಜಾ?" ಎಂದರು ಮೇಡಂ.

"ಯಾರ ಬಾಗ್ಲಾನೂ ಬಡಿಯೂದ ಬ್ಯಾಡ್ರಿ. ಯಾರ ಮಾನಾನೂ ತಗಿಯೂದ ಬ್ಯಾಡ. ನೀವು ನಿಚ್ಚಣಿಕಿ ಏರ್ತೀರೇನು, ಅಷ್ಟ ಹೇಳ್ರಿ."

ಏರಿದರು! ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಚಪ್ಪಲಿ ಕೆಳಗೆ ಬಿಟ್ಟು, ಗುಡಿಯ ಬದಿಯಿಂದ ಏರಿದರು. ಹಿಂದೆ ನಾನು ಬರೆದುಕೊಳ್ಳುವ ವಹಿ ಹಿಡಿದುಕೊಂಡು. ಕಾಕಾ ಅವರಿಂದಲೇ ಹಿಮ್ಮಡಿ ಗುದ್ದಿಸಿದ. "ಕೇಳ್ರಿ. ಏನಂತೈತಿ?" ಮೂರನೆಯ ಮನೆಗೆ ಬರುವಷ್ಟರಲ್ಲಿ ಮೇಡಂ ತಾವೇ ಹೇಳತೊಡಗಿದರು: "ಇದು ದಬ್ ಅಂತು." ಬರೀ ಮಣ್ಣು ಸಾಕಾದರೆ ಸುಣ್ಣದ ಒಂದು ಗೆರೆ, ತೊಲೆಯ ಮೇಲಿನ ಜಂತೆ ಬದಲಿಸಬೇಕಾದರೆ ಎರಡು, ತೊಲೆಯೇ ಹೋಗಿದ್ದರೆ ಮೂರು. ಗೆರೆ ಮಾಳಿಗೆಯ ಮೇಲೆ ಮಾತ್ರ. ಬೀದಿಯಲ್ಲಿ ಹೋಗುವವರಿಗೆ ಯಾರ ಮನೆಯ ಗುಟ್ಟೂ ಕಾಣುವುದಿಲ್ಲ.

ನಮ್ಮ ಮಾಳಿಗೆಗೆ ಬಂದಾಗ ಕಾಕಾ ಕೈ ಅಡ್ಡ ಹಿಡಿದ. "ಆ ಮೂಲಿಗಿ ಹೋಗಬ್ಯಾಡ್ರಿ." ಹಾರೆಯ ತುದಿಯನ್ನು ಮೆಲ್ಲಗೆ ಒತ್ತಿದ್ದಷ್ಟೇ, ಅದು ಸರ್ರನೆ ಒಳಗಿಳಿಯಿತು. ಕೆಳಗೆ ಹೊಸ ಸುಣ್ಣದ ಪಡಸಾಲೆಯಲ್ಲಿ ಮಣ್ಣು ಸುರಿಯಿತು. ಅವ್ವ ತಲೆಯೆತ್ತಿ ನೋಡಿದಳು. ಆ ತೂತಿನಿಂದ ಸೀದಾ ಮುಖ್ಯಾಧಿಕಾರಿಯ ಮುಖ ಕಾಣುತ್ತಿದೆ. ನಮ್ಮವ್ವ ಸೋಲುವ ಪೈಕಿಯೇ? "ಬರ್ರಿ ಬಾಯಾರ, ಚಹಾ ಕುಡೀರಿ!" ಮೇಡಂ ನಗುತ್ತ ಅಲ್ಲಿಯೇ ಕುಳಿತುಬಿಟ್ಟರು. ನಮ್ಮ ಮನೆಗೆ ಮೂರು ಗೆರೆ ಬಿದ್ದವು.

ಹೊಸ ಪಟ್ಟಿ ಸಭೆಗೆ ಬಂದಾಗ ಒಬ್ಬ ಸದಸ್ಯರು ಎದ್ದು ನಿಂತರು. "ಸರ್ಟಿಫಿಕೇಟ್ ಇಲ್ಲದ ಗೌಂಡಿ ಕಾಲಿಲೆ ಒದ್ದ ಮಾಡಿದ ಲಿಸ್ಟು ಪಾಸ್ ಮಾಡೂದೇನ್ರಿ?" ಮೇಡಂ ಶಾಂತವಾಗಿ ಹೇಳಿದರು: "ಒದ್ದವಳು ನಾನೂ ಇದ್ದೀನಿ. ನಿಮಗೆ ಸಂಶಯ ಇದ್ದರೆ ಬನ್ನಿ, ಮೂರು ಗೆರೆ ಇರುವ ಮಾಳಿಗೆ ಮೇಲೆ ನಿಂತು ತೋರಿಸಿ." ಯಾರೂ ಬರಲಿಲ್ಲ. ಪಟ್ಟಿ ಪಾಸಾಯಿತು. ಬಾಗಿಲಲ್ಲಿ ನಿಂತಿದ್ದ ಕಾಕಾ ಕೇಕೆ ಹಾಕಿದ, ಸಿಪಾಯಿ ಸುಮ್ಮನಿರಿಸಲು ಹೋಗಿ ತಾನೂ ನಕ್ಕ. ನನಗೆ ಅಳು ಬಂತು, ಸಂತೋಷಕ್ಕೆ.

ಆ ಬೇಸಿಗೆ ನಮ್ಮ ಓಣಿ ಹಬ್ಬದ ಹಾಗಿತ್ತು. ಮೊದಲು ಮೂರು ಗೆರೆ, ಆಮೇಲೆ ಎರಡು, ಕೊನೆಗೆ ಒಂದು. ಹೊಸ ತೊಲೆಗಳು ಬಂದವು. ಕಾಕಾ ಹರೆಯದ ಗೌಂಡಿಗಳನ್ನು ಬೈಯುತ್ತ ದಿನವಿಡೀ ಮೇಲೆಯೇ ಇರುತ್ತಿದ್ದ. ಇಂಡಿಯಿಂದ, ಬಸವನ ಬಾಗೇವಾಡಿಯಿಂದ ಎಂಜಿನಿಯರುಗಳು ಇದನ್ನು ಕಲಿಯಲೆಂದು ಬಂದು ಬೂಟು ಬಿಚ್ಚಿ ಹಿಮ್ಮಡಿ ಗುದ್ದಿ ಹೋದರು. "ಓದಿದವರ ಹಿಮ್ಮಡಿ ಭಾಳ ಮೆತ್ತಗ" ಎಂದು ಕಾಕಾ ನಗೆಯಾಡಿದ.

ಕೆಲಸ ಮುಗಿಯುವ ಹೊತ್ತಿಗೆ ಆತನಿಗೆ ದಮ್ಮು ಹೆಚ್ಚಾಯಿತು. ಮಗಳು ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಆತ ಮತ್ತೆ ಬರಲಿಲ್ಲ. ದೀಪಾವಳಿ ಆದ ಮೇಲೆ ತೀರಿಕೊಂಡ ಸುದ್ದಿ ಬಂತು. ಆತನೊಡನೆ ನಾನು ಕೊನೆಯದಾಗಿ ಫೋನಿನಲ್ಲಿ ಮಾತಾಡಿದ್ದು ಅದಕ್ಕೂ ಮೊದಲು, ಆ ವರ್ಷದ ಜಡಿಮಳೆಯ ಮೂರನೆಯ ದಿನ ಮುಂಜಾನೆ.

"ಕಾಕಾ, ಓಣ್ಯಾಗ ಒಂದೂ ಮಾಳಗಿ ಬಿದ್ದಿಲ್ರಿ."

"ಖರೇನ? ನನಗ ಸಮಾಧಾನ ಮಾಡಾಕ ಹೇಳಬ್ಯಾಡ ಮಗಳಾ. ಒಂದೊಂದ ಮನಿ ಹೇಳ."

ಕೊಡೆ ಹಿಡಿದು ಗುಡಿಯ ಬದಿಯಿಂದ ನಡೆಯುತ್ತ ಹೇಳತೊಡಗಿದೆ. "ಪತ್ತಾರರ ಮನಿ, ಗಟ್ಟಿ ಐತ್ರಿ." "ಹೂಂ." "ಶಾಂತವ್ವನ ಮನಿ." "ಪಡಸಾಲಿ?" "ಪಡಸಾಲ್ಯಾಗ ಕುಂತ ಶೇಂಗಾ ಸುಲಿಯಾಕತ್ತಾಳ್ರಿ." "ಹೂಂ, ಮುಂದ?" "ನಮ್ಮ ಮನಿ. ಒಂದ ಹನಿ ಸೋರಿಲ್ರಿ." "ಹೂಂ." ಹೀಗೆ ಒಂದನ್ನೂ ಬಿಡದೆ ಹೇಳಿದೆ. ಮಸೀದಿ ಹತ್ತಿರವಾದಂತೆ ಹೂಂಗುಟ್ಟುವ ದನಿ ಸಣ್ಣಗಾಗುತ್ತ ಬಂತು. ಕಡೆಯ ಮನೆಗೆ ಉತ್ತರವೇ ಬರಲಿಲ್ಲ.

ಮಳೆಯಲ್ಲೇ ನಿಂತು ಫೋನು ಕಿವಿಗೆ ಒತ್ತಿಕೊಂಡೆ. "ಕಾಕಾ? ಕಾಕಾ!"

ಮಗಳು ಫೋನು ತೆಗೆದುಕೊಂಡಳು. "ಒದರಬ್ಯಾಡ್ರಿ ಅಕ್ಕಾ. ಮೂರು ದಿನ ಆತು, ಮಳಿ ಸಪ್ಪಳ ಕೇಳ್ಕೋತ ಕುಂತಾಂವ ಕಣ್ಣ ಮುಚ್ಚಿದ್ದಿಲ್ಲ. ಈಗ ನಿದ್ದಿ ಹತ್ತೇತಿ, ಗೊರಕಿ ಹೊಡ್ಯಾಕತ್ತಾನ."